ಕಪಿಲೆ ದಾಟುವ ತನಕ

ನಮ್ಮೂರಿನ ರಸ್ತೆಯಲ್ಲಿ ಪೊಲೀಸಪ್ಪನೊಬ್ಬ ನಿಂತು ಕೈ ಅಡ್ಡ ಹಿಡಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನಮಗೆ ಅದರ ಅಗತ್ಯವೇ ಇರಲಿಲ್ಲ ನೋಡಿ. ಪುರಸಭೆಯ ರಸ್ತೆ ನಿಯಮದ ಪುಸ್ತಕದಲ್ಲಿ ಒಂದು ಸಾಲು ಬರೆದು ಕೆಳಗೆ ಮೊಹರು ಒತ್ತಿದರೆ ಸಾಕು, ಊರಿನ ಚಕ್ರಗಳೆಲ್ಲ ಅದರಂತೆ ನಡೆದುಕೊಳ್ಳುತ್ತಿದ್ದವು. ನಿಲ್ಲು ಎಂದು ಬರೆದ ಕಡೆ ನಿಲ್ಲುತ್ತಿದ್ದವು, ಎಡಕ್ಕೆ ಎಂದ ಕಡೆ ಎಡಕ್ಕೆ ತಿರುಗುತ್ತಿದ್ದವು. ಒಳಗೆ ಕೂತವನು ಎಷ್ಟೇ ತುಳಿಯಲಿ, ಇಂಜಿನ್ನು ಬೊಬ್ಬೆ ಹೊಡೆಯುತ್ತಿತ್ತೇ ಹೊರತು ಚಕ್ರ ಮಾತ್ರ ಕದಲುತ್ತಿರಲಿಲ್ಲ. ಪರವೂರಿನ ಡ್ರೈವರುಗಳು ಕೆಳಗಿಳಿದು ಬಾನೆಟ್ ಎತ್ತಿ ಇಣುಕುವುದು, ನಮ್ಮ ಊರಿನವರು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ ನಗುವುದು, ಇದೆಲ್ಲ ನಮಗೆ ದಿನದ ತಮಾಷೆ.

ಆ ಪುಸ್ತಕವನ್ನು ಕಾಯುವ ಗುಮಾಸ್ತ ನಾನು, ಮುಕುಂದ. ನನಗಿಂತ ಮುಂಚೆ ಅದೇ ಕುರ್ಚಿಯಲ್ಲಿ ನಮ್ಮಪ್ಪ ನರಹರಿರಾಯರು ಕೂತಿದ್ದರು. ಅವರು ಕೂತೂ ಕೂತೂ ಕುರ್ಚಿಯ ಬೆತ್ತ ಕುಳಿ ಬಿದ್ದದ್ದು ಇವತ್ತಿಗೂ ಹಾಗೇ ಇದೆ. ನನ್ನ ಸೊಂಟನೋವಿಗೆ ಅದೇ ಕಾರಣ ಎಂದು ದಿನಕ್ಕೊಮ್ಮೆಯಾದರೂ ಗೊಣಗಿಕೊಳ್ಳುತ್ತೇನೆ, ಆದರೆ ಬೆತ್ತ ಬದಲಾಯಿಸಲು ಮನಸ್ಸು ಬಂದಿಲ್ಲ. ನಮ್ಮೂರಿನ ನಿಯಮಗಳಿಗೆ ಒಂದು ಕಟ್ಟಳೆ ಇತ್ತು. ಪ್ರತಿಯೊಂದೂ ಯಾರದೋ ಹೆಸರಿನಲ್ಲಿ, ಯಾರಿಗೋ ಬೇಕಾಗಿ ಆಗುವಂಥದ್ದು. ಅದನ್ನು ತೆಗೆಯಬೇಕಾದರೆ ಅವರೇ, ಇಲ್ಲವೇ ಅವರ ಕಡೆಯವರು, ಆ ಜಾಗಕ್ಕೆ ಬಂದು ನಿಲ್ಲಬೇಕು. ಗುಮಾಸ್ತ ಹೆಸರು ಹಿಡಿದು 'ದಾಟಾಯ್ತಾ?' ಎಂದು ಕೇಳಬೇಕು. ಅವರು 'ದಾಟಾಯ್ತು' ಎಂದು ಬಾಯಿಬಿಟ್ಟು ಹೇಳಬೇಕು. ಅಷ್ಟಾದರೆ ಚಕ್ರಗಳಿಗೆ ಬಿಡುಗಡೆ. ಬರೀ ಕಾಗದದ ಮೇಲೆ ಗೀಟು ಎಳೆದರೆ ಏನೂ ಆಗುತ್ತಿರಲಿಲ್ಲ. ಹಿಂದೊಬ್ಬ ಅಧ್ಯಕ್ಷರು ಸಿಟ್ಟಿನಲ್ಲಿ ಪುಟವನ್ನೇ ಹರಿದು ಹಾಕಿದ್ದರಂತೆ. ಅವರ ಜೀಪು ಮೂರು ದಿನ ನಡುರಸ್ತೆಯಲ್ಲಿ ನಿಂತು, ಕಾಗೆಗಳು ಅದರ ಮೇಲೆ ಮಾಡಬಾರದ್ದೆಲ್ಲ ಮಾಡಿದ್ದವು.

ಅಪ್ಪನ ಕಾಲದಲ್ಲಿ ಯುಗಾದಿಯ ಮರುದಿನವೆಂದರೆ ಕೇಳುವ ದಿನ. ಬಿಳಿ ಪಂಚೆ, ಕರಿ ಕೋಟು, ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಕೊಡೆ, ಹೀಗೆ ಅಪ್ಪ ಬೆಳಿಗ್ಗೆ ಹೊರಟರೆ ಊರಿಡೀ ಸುತ್ತುತ್ತಿದ್ದರು. "ದಾಟಾಯ್ತೇನ್ರೀ?" ಎಂದು ಇವರು ಬಾಗಿಲಲ್ಲಿ ನಿಂತು ಕೇಳುವುದು, "ಇನ್ನೂ ಇಲ್ಲ ರಾಯರೇ, ಕೂತ್ಕೊಳ್ಳಿ, ಒಂದು ಒಬ್ಬಟ್ಟು ತಿನ್ನಿ" ಎಂದು ಅವರು ಒಳಗೆ ಕರೆಯುವುದು. ಕೆಲವರು ತಾವಾಗಿಯೇ ಓಡಿ ಬರುತ್ತಿದ್ದರು. "ನಮ್ಮ ಹುಡುಗೀ ಕಾಲು ಸರಿಹೋಯ್ತು ರಾಯರೇ, ಈಗ ಜಿಂಕೆ ಥರ ಓಡ್ತಾಳೆ, ದಾಟಾಯ್ತು ಅಂತ ಬರ್ಕೊಳ್ಳಿ" ಎನ್ನುತ್ತ ಅಪ್ಪನ ಬಾಯಿಗೆ ಬೆಲ್ಲ ತುರುಕುತ್ತಿದ್ದರು. ಆ ಕಾಲದಲ್ಲಿ ನಿಯಮ ಮಾಡಿಸಿಕೊಳ್ಳುವುದಕ್ಕಿಂತ ಬಿಟ್ಟುಕೊಡುವುದೇ ದೊಡ್ಡ ಸಂಭ್ರಮವಾಗಿತ್ತು. ಅದನ್ನು ನೆನೆದರೆ ಈಗಲೂ ನನಗೆ ಬೆಲ್ಲದ ವಾಸನೆ ಬರುತ್ತದೆ. ನಾನು ಆ ಕುರ್ಚಿಗೆ ಬಂದ ಮೇಲೆ ಕೇಳುವ ದಿನ ನಿಂತುಹೋಯಿತು. ಸುಳ್ಳೇಕೆ, ನಾನೇ ನಿಲ್ಲಿಸಿದೆ. ಬಿಸಿಲಿನಲ್ಲಿ ಯಾರು ಅಲೆಯುತ್ತಾರೆ ಎಂದು ಒಂದು ವರ್ಷ ಬಿಟ್ಟೆ, ಮರುವರ್ಷವೂ ಬಿಟ್ಟೆ, ಹಾಗೇ ಇಪ್ಪತ್ತನಾಲ್ಕು ವರ್ಷ ಕಳೆಯಿತು.

ನನ್ನ ಸೋಮಾರಿತನದಿಂದ ಊರು ಪಟ್ಟ ಪಾಡು ಕೇಳಿ. ಜಟಕಾ ಸ್ಟ್ಯಾಂಡಿನಲ್ಲಿ ಸುಲ್ತಾನ್ ಎಂಬ ಕುದುರೆಯಿತ್ತು, ಅದಕ್ಕೆ ಲಾರಿಯ ಮೂತಿ ಕಂಡರೆ ಆಗುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಲಾರಿಗಳು ಹಿಮ್ಮುಖವಾಗಿ ಚಲಿಸತಕ್ಕದ್ದು ಎಂದು ನಿಯಮವಾಯಿತು. ಕುದುರೆ ಹೋಯಿತು, ಜಟಕಾ ಹೋಯಿತು, ಸ್ಟ್ಯಾಂಡಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಲಾರಿಗಳು ಮಾತ್ರ ಅಲ್ಲಿಗೆ ಬಂದೊಡನೆ ಗರಕ್ಕನೆ ತಿರುಗಿ ನಲವತ್ತು ಗಜ ಹಿಂದುಹಿಂದಕ್ಕೆ ಹೋಗುತ್ತಿದ್ದವು. ಇನ್ನೊಂದು ನಿಯಮದಲ್ಲಿ, ಸೈಕಲ್ಲಿನಲ್ಲಿ ಡಬಲ್ ರೈಡ್ ಹೋಗುವಾಗ ಹಿಂದೆ ಕೂತವರು ರಕ್ತಸಂಬಂಧಿಯಾಗಿರತಕ್ಕದ್ದು ಎಂದಿತ್ತು. ಯಾವನೋ ಒಬ್ಬ ತಂದೆ ತನ್ನ ಮಗಳ ಮೇಲಿನ ಗುಮಾನಿಯಿಂದ ಮಾಡಿಸಿದ್ದು. ಇದರಿಂದ ಕೈಹಿಡಿದ ಹೆಂಡತಿಯನ್ನು ಕೂರಿಸಿಕೊಂಡರೂ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತಿತ್ತು. ಸೋದರಮಾವನನ್ನು ಮದುವೆಯಾದವರು ಮಾತ್ರ ಹಾಯಾಗಿ ಕ್ಯಾರಿಯರ್ ಮೇಲೆ ಕೂತು ಉಳಿದವರನ್ನು ನೋಡಿ ನಗುತ್ತ ಹೋಗುತ್ತಿದ್ದರು. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು "ಸಂಬಂಧದಲ್ಲೇ ಕೊಟ್ರೆ ಸೈಕಲ್ಲಾದ್ರೂ ಹತ್ತಬಹುದು" ಎನ್ನುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಹೀಗಿರುವಾಗ ಶಾಂಭವಿ ಮೇಡಂ ನಮ್ಮ ಪುರಸಭೆಗೆ ಮುಖ್ಯಾಧಿಕಾರಿಯಾಗಿ ಬಂದರು. ಬಂದ ಮೊದಲ ದಿನವೇ ಅವರ ಕಾರು ಏಳು ಕಡೆ ನಿಂತು, ಒಂದು ಕಡೆ ಹಿಂದುಹಿಂದಕ್ಕೆ ಹೋಗುವ ಲಾರಿಯ ಬೆನ್ನಿಗೆ ಸಿಕ್ಕಿಕೊಂಡು, ಹತ್ತು ಗಂಟೆಗೆ ಬರಬೇಕಾದವರು ಊಟದ ಹೊತ್ತಿಗೆ ಆಫೀಸು ಮುಟ್ಟಿದರು. ಬಂದವರೇ ನನ್ನನ್ನು ಕರೆಸಿದರು. "ಏನ್ರೀ ಮುಕುಂದ ಅವರೇ, ಸತ್ತ ಕುದುರೆಗೆ ನಾವಿನ್ನೂ ಬೆನ್ನು ತೋರಿಸ್ಕೊಂಡು ಓಡಾಡ್ಬೇಕಾ? ಮುಂದಿನ ತಿಂಗಳು ಹೊಸ ಆಸ್ಪತ್ರೆ ರಸ್ತೆಗೆ ಇನ್ನಷ್ಟು ಬಸ್ಸು ಬಿಡ್ತಾರೆ. ಅಷ್ಟರೊಳಗೆ ಹಳೇ ನಿಯಮ ಒಂದೂ ಇರಕೂಡದು. ತಿದ್ದೋದನ್ನ ತಿದ್ದಿ, ತೆಗೆಯೋದನ್ನ ತೆಗೀರಿ." ತಲೆಯಾಡಿಸಿ ಹೊರಗೆ ಬಂದೆ. ಇಪ್ಪತ್ತನಾಲ್ಕು ವರ್ಷದ ಕೇಳುವ ದಿನಗಳೆಲ್ಲ ಒಟ್ಟಿಗೇ ನನ್ನ ಹೆಗಲೇರಿದವು.

ಆ ತಿಂಗಳು ನಾನು ನಡೆದಷ್ಟು ಜನ್ಮದಲ್ಲಿ ನಡೆದಿಲ್ಲ. ಸುಲ್ತಾನನ ಯಜಮಾನ ಹುಸೇನ್ ಸಾಬರ ಮೊಮ್ಮಗಳು ನಸೀಮಾ ಮೊಬೈಲ್ ಅಂಗಡಿಯ ಮುಂದೆ ನಿಂತು, "ನಮ್ ಸುಲ್ತಾನ್ ದಾಟಾಯ್ತು" ಎಂದು ಹೇಳಿ ಗೊಳೋ ಎಂದು ಅತ್ತಳು. ಆ ಕುದುರೆಯನ್ನು ಅವಳು ನೋಡಿಯೂ ಇರಲಿಲ್ಲ, ಅಜ್ಜನ ಬಾಯಲ್ಲಿ ಕೇಳಿದ್ದಷ್ಟೇ. ಮೊದಲ ಲಾರಿ ಮುಮ್ಮುಖವಾಗಿ ಹೋದಾಗ ಡ್ರೈವರನಿಗೇ ಗಾಬರಿಯಾಗಿ ಬ್ರೇಕು ಹಾಕಿದ. ಸೈಕಲ್ ನಿಯಮದ ಆ ಮಗಳು ಈಗ ಅಜ್ಜಿಯಾಗಿದ್ದಳು. "ದಾಟಾಯ್ತಪ್ಪಾ ದಾಟಾಯ್ತು, ಅವನ ಜೊತೇಲೇ ಮದುವೇನೂ ಆಗಿ ಐದು ಮಕ್ಕಳೂ ಆಯ್ತು" ಎಂದಳು. ಹೀಗೆ ಒಂದೊಂದೇ ಕಳಚಿ, ಕೊನೆಗೆ ಒಂದೇ ಒಂದು ಉಳಿಯಿತು, ನಲವತ್ತೇಳನೆಯದು. ಮಿಲ್ ತಿರುವಿನಲ್ಲಿ ಕಪಿಲೆ ದಾಟುವ ತನಕ ಎಲ್ಲ ಚಕ್ರಗಳೂ ನಿಲ್ಲತಕ್ಕದ್ದು. ಬೇಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕಪಿಲೆ ಎಂದರೆ ನಮ್ಮಮ್ಮ.

ಅಮ್ಮ ಮಿಲ್ ತಿರುವಿನಾಚೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದಳು. ಊರಿಗೆಲ್ಲ ಅವಳು ಹೊಲಿಗೆ ಟೀಚರ್, ಕಪಿಲೆ ಎಂದು ಕರೆಯುವವರು ತವರಿನವರು ಮಾತ್ರ. ನಮ್ಮೂರಲ್ಲಿ ಆ ಹೆಸರಿನ ಹೆಂಗಸು ಅವಳೊಬ್ಬಳೇ. ನನಗೆ ನಾಲ್ಕು ವರ್ಷವಾಗಿದ್ದಾಗ ಒಂದು ದಿನ ಅವಳು ನನ್ನ ಕೈ ಹಿಡಿದು ಆ ತಿರುವಿನಲ್ಲಿ ರಸ್ತೆಗೆ ಕಾಲಿಟ್ಟಳು. ಅತ್ತ ಅಕ್ಕಿಯ ಲಾರಿ, ಇತ್ತ ಎರಡು ಎತ್ತಿನಗಾಡಿ, ಹತ್ತಾರು ಸೈಕಲ್ಲು, ಎಲ್ಲ ಗಪ್ಪನೆ ನಿಂತವು. ನಾವು ದಾಟಿದ ಮೇಲೆ ಹೊರಟವು. ಅಮ್ಮ ವಾಪಸು ಬಂದು ಪರೀಕ್ಷಿಸಿದಳು, ಮತ್ತೆ ನಿಂತವು. ಸಂಜೆ ಅಪ್ಪ ಮನೆಗೆ ಬಂದೊಡನೆ, "ಏನ್ರೀ, ಮಿಲ್ ತಿರುವಲ್ಲಿ ನನ್ನ ಹೆಸರಲ್ಲಿ ನಿಯಮ ಮಾಡ್ಸಿದ್ದೀರಾ?" ಎಂದು ಕೇಳಿದಳು. ಅಪ್ಪ ಕೋಟು ಬಿಚ್ಚುತ್ತ "ಹ್ಞೂಂ" ಎಂದರು. ಅಷ್ಟೇ. ಆ ಒಂದು ಹ್ಞೂಂ ಇಟ್ಟುಕೊಂಡು ಅಮ್ಮ ನಲವತ್ತೆಂಟು ವರ್ಷ ಬದುಕಿದಳು.

ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. "ಏ ಇವಳೇ", ಇಲ್ಲವೇ "ಕೇಳಿಸ್ತಾ", ಇಷ್ಟರಲ್ಲೇ ಅವರ ಸಂಸಾರ ನಡೆಯಿತು. ಸಿನಿಮಾಕ್ಕೆ ಕರೆದುಕೊಂಡು ಹೋದವರಲ್ಲ, ಸೀರೆ ಆರಿಸಿದವರಲ್ಲ. ಜೊತೆಗೆ ಅವರ ಮೇಲೆ ಅಮ್ಮನಿಗೆ ಒಂದು ದೊಡ್ಡ ದೂರೂ ಇತ್ತು. ಪ್ರತಿ ವರ್ಷ ಕೇಳುವ ದಿನ ಅಪ್ಪ ಮಿಲ್ ತಿರುವಿನ ಪೈ ಹೋಟೆಲಿಗೆ ಹೋಗಿ ಬಹಳ ಹೊತ್ತು ಕೂತು ಬರುತ್ತಿದ್ದರು. ರಿಟೈರಾದ ಮೇಲೂ, ಪುಸ್ತಕವಿಲ್ಲದೆ ಬರೀ ಕೊಡೆ ಹಿಡಿದು ಅಲ್ಲಿಗೆ ಮಾತ್ರ ಹೋಗುತ್ತಿದ್ದರು. "ಒಬ್ಬರೇ ಕೂತು ಮಸಾಲೆದೋಸೆ ಹೊಡೆದು ಬರ್ತಾರೆ, ಹೆಂಡತಿಗೊಂದು ಕಟ್ಟಿಸ್ಕೊಂಡು ಬರೋಣ ಅನ್ನೋದಿಲ್ಲ" ಎಂದು ಅಮ್ಮ ಕೆಣಕುವಳು. ಅಪ್ಪ ಮೀಸೆಯಲ್ಲೇ ನಕ್ಕು ಸುಮ್ಮನಾಗುವರು. ಸಿಟ್ಟಿಗೆ ಅಮ್ಮ ಆ ಹೋಟೆಲಿನ ಮೆಟ್ಟಿಲನ್ನೇ ತುಳಿಯಲಿಲ್ಲ. ಆದರೂ ಬೇರೆ ಹೆಂಗಸರು ತಮ್ಮ ಗಂಡಂದಿರ ಬಳೆ, ಸರ ತೋರಿಸಿದಾಗ ಅವಳು ಹೇಳುವ ಮಾತೊಂದಿತ್ತು. "ನಮ್ಮನೆಯವರು ಒಂದು ಮೊಳ ಮಲ್ಲಿಗೆ ತಂದವರಲ್ಲ ಕಣ್ರೇ. ಆದ್ರೆ ನನಗೋಸ್ಕರ ಊರನ್ನೇ ನಿಲ್ಲಿಸಿದ್ರು." ಹೇಳುವಾಗ ಅವಳ ಕತ್ತು ಒಂದಿಂಚು ಉದ್ದವಾಗುತ್ತಿತ್ತು.

ಅಪ್ಪ ತೀರಿಹೋಗಿ ಹದಿನೈದು ವರ್ಷವಾಯಿತು. ಅಮ್ಮನಿಗೀಗ ಎಪ್ಪತ್ತೆಂಟು. ಶಾಲೆ ಬಿಟ್ಟ ಮೇಲೂ ದಿನಾ ಸಂಜೆ ನಾಲ್ಕಕ್ಕೆ ಕೈಚೀಲ ಹಿಡಿದು ತಿರುವು ದಾಟಿ ವಾಚನಾಲಯಕ್ಕೆ ಹೋಗುವುದು ತಪ್ಪಿಲ್ಲ. ದಾಟುವಾಗ ಎಡಕ್ಕೂ ನೋಡಳು, ಬಲಕ್ಕೂ ನೋಡಳು. ನೇರ ಮುಂದೆ ನೋಡುತ್ತ ಮಹಾರಾಣಿಯ ಹಾಗೆ ಹೋಗುತ್ತಾಳೆ. ಮಂಡಿ ಸವೆದದ್ದರಿಂದ ಒಂದು ನಿಮಿಷದ ದಾರಿಗೆ ಈಗ ಹತ್ತು ನಿಮಿಷ. ಹಿಂದೆ ಯಾರೂ ಬೇಸರಪಡುತ್ತಿರಲಿಲ್ಲ. ಆದರೆ ಹೊಸ ಆಸ್ಪತ್ರೆ ಬಂದದ್ದು ಅದೇ ರಸ್ತೆಗೆ. ಕಳೆದ ತಿಂಗಳು ಚಂದ್ರಿಕಾ ಎಂಬ ಬಸುರಿ ಹೆಂಗಸಿನ ಆಟೋ ಅಮ್ಮ ದಾಟುವ ಹೊತ್ತಿಗೇ ಅಲ್ಲಿ ಸಿಕ್ಕಿಕೊಂಡಿತು. ಅವಳನ್ನು ಪೈ ಹೋಟೆಲಿನ ಬೆಂಚಿನ ಮೇಲೆ ಮಲಗಿಸಿ, ನಾಲ್ಕು ಜನ ಹೊತ್ತು ಓಡಿದರು. ಆಸ್ಪತ್ರೆಯ ಗೇಟಿನೊಳಗೆ ಬೆಂಚಿನ ಮೇಲೆಯೇ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಕ್ಷೇಮ, ದೇವರ ದಯೆ. ಮುಂದೆ ನೋಡುತ್ತ ದಾಟಿದ ಅಮ್ಮನಿಗೆ ಇದ್ಯಾವುದೂ ಗೊತ್ತೇ ಆಗಿರಲಿಲ್ಲ.

ನಿಯಮ ತೆಗೆಯುವ ಮುನ್ನ ಮೂಲ ಅರ್ಜಿ ನೋಡಬೇಕು. ರೆಕಾರ್ಡ್ ರೂಮಿನ ದೂಳಿನಲ್ಲಿ ಸೀನಿಕೊಂಡು ನಲವತ್ತೇಳರ ಕಡತ ಹುಡುಕಿದೆ. ಅಪ್ಪನ ಅಕ್ಷರ ನೋಡಿದೊಡನೆ ಮನಸ್ಸು ಹಿಗ್ಗಿತು. ಅರ್ಜಿದಾರರು: ವಾಮನ ಪೈ, ಹೋಟೆಲ್ ಮಾಲೀಕರು. ಯಾರಿಗಾಗಿ: ಕಪಿಲೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕಂದುಬಣ್ಣದ ಹಸು, ಹೋಟೆಲಿಗೆ ಹಾಲು ಕೊಡುವಂಥದ್ದು, ಕೆರೆಗೆ ನೀರು ಕುಡಿಯಲು ಹೋಗುವಾಗ ಲಾರಿ ತಾಗಿ ಗಾಯಗೊಂಡಿರುತ್ತದೆ.

ಮೂರು ಸಲ ಓದಿದೆ. ಹಸು ಎಂಬುದು ಹಸುವಾಗಿಯೇ ಇತ್ತು. ಚಕ್ರಗಳಿಗೇನು ಗೊತ್ತು ಪಾಪ, ಹಸುವಿನ ಕಪಿಲೆ ಯಾವುದು, ಹೊಲಿಗೆ ಟೀಚರ್ ಕಪಿಲೆ ಯಾವುದು? ಹೆಸರು ಕೇಳಿ ನಿಂತಿವೆ. ಅಮ್ಮನ ಆ ಉದ್ದನೆಯ ಕತ್ತು ನನ್ನ ಕಣ್ಣಮುಂದೆ ಬಂತು. ಕಡತ ನೋಡಿದ ಮೇಡಂ, "ಒಳ್ಳೇದೇ ಆಯ್ತಲ್ರೀ, ನಿಮ್ಮ ತಾಯಿಯವರಿಗೆ ತೊಂದರೆಯೇ ಬೇಡ. ಪೈ ಅವರ ಹತ್ರ ಹೇಳಿಸಿಬಿಡಿ" ಎಂದರು. ಆದರೆ ಪೈ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಹೊಲಿಗೆ ಟೀಚರ್ ಇಷ್ಟು ವರ್ಷ ಹಸುವಿನ ದಾರಿಯಲ್ಲಿ ದಾಟಿದಳು ಎಂದು. ಅದಕ್ಕಿಂತ ಅಮ್ಮನೇ ತನ್ನ ಬಾಯಿಂದ ದಾಟಾಯ್ತು ಎಂದುಬಿಟ್ಟರೆ ಹಸುವಿನ ಸುದ್ದಿ ಕಡತದಲ್ಲೇ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ.

ಅಮ್ಮ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಆಟೋದ ಸಂಗತಿ ಹೇಳಿದೆ. ಕೈ ಅಲ್ಲೇ ನಿಂತಿತು. "ಮಗು ಚೆನ್ನಾಗಿದೆಯಾ?" ಎಂದು ಎರಡು ಸಲ ಕೇಳಿದಳು. ಚೆನ್ನಾಗಿದೆ ಎಂದೆ. "ನಾಳೆಯಿಂದ ನಾನು ದಾಟಲ್ಲ. ಮನೇಲೇ ಇರ್ತೀನಿ" ಎಂದಳು.

"ಅಷ್ಟು ಸಾಲದಮ್ಮ. ನಿಯಮಾನೇ ಹೋಗಬೇಕು. ನೀನೊಂದ್ಸಲ ಅಲ್ಲಿ ಬಂದು ದಾಟಾಯ್ತು ಅನ್ನಬೇಕು."

"ಅನ್ನಲ್ಲ."

"ಅಮ್ಮಾ."

"ಕಾಲು ಬೇಕಾದ್ರೆ ಮುರ್ಕೊಂಡು ಮೂಲೇಲಿ ಕೂರ್ತೀನಿ ಕಣೋ, ಆ ಮಾತು ಮಾತ್ರ ಅನ್ನಲ್ಲ. ನಿಮ್ಮಪ್ಪ ನನಗೆ ಅಂತ ಮಾಡಿದ್ದು ಅದೊಂದೇ. ಅವರ ಕುರ್ಚಿ ತಗೊಂಡೆ, ಕೊಡೆ ತಗೊಂಡೆ, ಇದನ್ನೂ ಕಿತ್ಕೊಳ್ಳೋಕೆ ಬಂದ್ಯಾ? ಕೇಳೋ ದಿನ ಅಂತ ಅವರು ಊರೆಲ್ಲ ಸುತ್ತುತಿದ್ರು. ನೀನು ಒಂದು ವರ್ಷವಾದ್ರೂ ಚಪ್ಪಲಿ ಸವೆಸಿದ್ಯಾ?"

ಸರಿಯಾದ ಜಾಗಕ್ಕೇ ಚುಚ್ಚಿದಳು. ತಿಂಗಳಿಡೀ ಬಿಸಿಲಲ್ಲಿ ತಿರುಗಿದ ಕಾಲು, ಮೇಡಂ ಕಾಟ, ಎಲ್ಲ ಒಟ್ಟಿಗೆ ನೆತ್ತಿಗೇರಿತು. "ಅದು ನಿನಗೆ ಮಾಡಿದ್ದಲ್ಲಮ್ಮ! ಪೈ ಹೋಟೆಲಿನ ಹಸುಗೆ ಮಾಡಿದ್ದು! ಅದರ ಹೆಸರೂ ಕಪಿಲೆ!" ಎಂದುಬಿಟ್ಟೆ.

ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳುವುದು ಹೇಗೆ? ಅಮ್ಮ ನನ್ನ ಮುಖವನ್ನೇ ನೋಡಿದಳು. "ಹಸುಗಾ?" ಎಂದಳು. ನಾನು "ಹ್ಞೂಂ" ಎಂದೆ. ಆ ಹ್ಞೂಂ ಥೇಟ್ ಅಪ್ಪನ ಹಾಗೇ ಬಂತು, ನನಗೇ ಅಸಹ್ಯವಾಯಿತು. ಅವಳು ಉಳಿದ ಸೊಪ್ಪನ್ನೆಲ್ಲ ಬಿಡಿಸಿ ಮುಗಿಸಿದಳು. ಎದ್ದು ಹೋಗಿ ತನ್ನ ಕೈಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿದಳು.

ನಾಲ್ಕು ದಿನ ಅವಳು ಹೊಸ್ತಿಲು ದಾಟಲಿಲ್ಲ. ಮಾತು ಕೇಳಿದರೆ ಉತ್ತರ ಕೊಡುವಳು, ಊಟ ಬಡಿಸುವಳು, ಅಷ್ಟೇ. ಮಿಲ್ ತಿರುವಿನಲ್ಲಿ ಸಂಜೆ ನಾಲ್ಕಾದರೂ ಚಕ್ರ ನಿಲ್ಲಲಿಲ್ಲ. ಊರಿನವರಿಗೆ ಅದೊಂದು ದಿಗಿಲು. ನಾಲ್ಕಕ್ಕೆ ತಿರುವಿನಲ್ಲಿ ಗಾಡಿ ನಿಂತಾಗ ಇಳಿದು ಕಾಫಿ ಕುಡಿಯುತ್ತಿದ್ದವರು, ಅದೇ ಹೊತ್ತಿಗೆ ಗಡಿಯಾರ ತಿದ್ದಿಕೊಳ್ಳುತ್ತಿದ್ದವರು ಎಲ್ಲ ನನ್ನನ್ನು ತಡೆದು "ಟೀಚರಮ್ಮ ಹುಷಾರಾಗಿದ್ದಾರಾ?" ಎಂದು ಕೇಳುವವರೇ. ವಾಚನಾಲಯದವನು ಅವಳು ಓದುವ ಪತ್ರಿಕೆಯನ್ನು ಮಡಿಸಿ ಮನೆಗೇ ಕಳಿಸಿದ. ಅಮ್ಮ ಅದನ್ನು ಬಿಡಿಸಿಯೂ ನೋಡಲಿಲ್ಲ.

ಐದನೆಯ ದಿನ ಮೇಡಂ ಗದರಿದ ಮೇಲೆ, ಬೇರೆ ದಾರಿ ಕಾಣದೆ ಪೈ ಹೋಟೆಲಿಗೆ ಹೋದೆ. ವಾಮನ ಪೈಗಳಿಗೆ ಎಂಬತ್ತೈದು ದಾಟಿದೆ, ಈಗ ಗಲ್ಲಾಪೆಟ್ಟಿಗೆಯ ಹಿಂದೆ ಮಗ ಕೂರುತ್ತಾನೆ, ಇವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ರಸ್ತೆ ನೋಡುತ್ತ ಇರುತ್ತಾರೆ. ನನ್ನ ಕಂಕುಳ ಪುಸ್ತಕ ಕಂಡೊಡನೆ, "ಎಂತ ಮಾರಾಯ, ಕಡೆಗೂ ಬಂದೆಯಾ ಕೇಳ್ಲಿಕ್ಕೆ? ನಿನ್ನಪ್ಪ ಹೋದ ಮೇಲೆ ಒಂದು ವರ್ಷವೂ ಯಾರೂ ಬರ್ಲಿಲ್ಲ. ನಾನು ಪ್ರತಿ ಯುಗಾದಿ ಮರುದಿನ ಇಲ್ಲೇ ಕಾಯ್ತಾ ಇದ್ದೆ" ಎಂದರು.

"ಪೈ ಮಾಮ, ನಿಮ್ಮ ಹಸು..."

"ಹಸು ಎಲ್ಲಿ ಉಂಟು ಮಾರಾಯ! ನಿಯಮ ಆಗಿ ಒಂದೇ ತಿಂಗಳಿಗೆ ಸತ್ತು ಹೋಯ್ತು. ಆ ಯುಗಾದಿಗೆ ನಿನ್ನಪ್ಪ ಬಂದ್ರು. ದಾಟಾಯ್ತಾ ಅಂತ ಕೇಳಿದ್ರು. ನಾನು ಬಾಯಿ ತೆರೆದು 'ದಾ' ಅಂದದ್ದಷ್ಟೇ, ನನ್ನ ಬಾಯಿಗೇ ಕೈ ಅಡ್ಡ ಇಟ್ರು! ಅಷ್ಟು ಮರ್ಯಾದಸ್ಥ ಮನುಷ್ಯ! 'ಪೈಗಳೇ, ಹೇಳಬೇಡಿ. ನಮ್ಮನೆ ಕಪಿಲೆಯೂ ಇದೇ ರಸ್ತೆ ದಾಟ್ತಾಳೆ. ಚಕ್ರ ನಿಂತದ್ದು ನೋಡಿ ನಗ್ತಾ ಮನೆಗೆ ಬರ್ತಾಳೆ. ನಾನೇ ಮಾಡಿಸಿದ್ದು ಅಂದ್ಕೊಂಡಿದ್ದಾಳೆ. ಅಲ್ಲ ಅನ್ನಲಿಕ್ಕೆ ನನಗೆ ಬಾಯಿ ಬರ್ಲಿಲ್ಲ' ಅಂದ್ರು. ಕಣ್ಣಲ್ಲಿ ನೀರು ಇತ್ತು ಮಾರಾಯ."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

"ಆಮೇಲೆ ಮೂವತ್ತಮೂರು ವರ್ಷ. ಪ್ರತಿ ವರ್ಷ ಬರೋದು, 'ಪೈಗಳೇ, ಕಪಿಲೆ ದಾಟಾಯ್ತಾ?' ಅಂತ ಕೇಳೋದು. 'ಇಲ್ಲ ರಾಯರೇ, ನಿಮ್ಮ ಕಪಿಲೆ ಇನ್ನೂ ದಾಟ್ತಾ ಇದ್ದಾರೆ' ಅಂತ ನಾನು. ಮತ್ತೆ ಆ ಕುರ್ಚಿಯಲ್ಲಿ ಕೂತು, ನಾಲ್ಕು ಗಂಟೆಗೆ ನಿನ್ನಮ್ಮ ದಾಟೋದನ್ನ ನೋಡಿ, ಎದ್ದು ಹೋಗೋದು. ದೋಸೆ ಕೊಟ್ರೆ ಮುಟ್ತಿರ್ಲಿಲ್ಲ. 'ಇದು ನನ್ನ ಸ್ವಂತದ ಕೆಲಸ, ನಿಮ್ಮದು ತಿಂದ್ರೆ ಲಂಚ ಆಗ್ತದೆ' ಅಂತ. ಬರೀ ಒಂದು ಲೋಟ ನೀರು. ನನ್ನ ಹತ್ರ ದಾಟಾಯ್ತು ಅಂತ ಹೇಳಿಸ್ಬೇಡ ಮುಕುಂದ. ರಾಯರಿಗೆ ಮಾತು ಕೊಟ್ಟಿದ್ದೇನೆ. ಹೇಳೋದಿದ್ರೆ ಟೀಚರಮ್ಮನೇ ಹೇಳ್ಬೇಕು."

ನಾನು ಅಲ್ಲಿಂದ ಮನೆಗೆ ನಡೆದು ಬಂದದ್ದು ಹೇಗೋ ನೆನಪಿಲ್ಲ. ಅಮ್ಮ ಜಗಲಿಯಲ್ಲಿ ಕೂತಿದ್ದಳು. ಅವಳ ಕಾಲ ಬಳಿ ಕುಕ್ಕರಿಸಿ, ಪೈ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅಮ್ಮ ಮೆಲ್ಲಗೆ, "ಹೆಸರು ಹಿಡಿದು ಹೇಳ್ತಿದ್ರಾ?" ಎಂದು ಕೇಳಿದಳು.

"ಹೆಸರು ಹಿಡಿದೇ ಹೇಳ್ತಿದ್ರಂತೆ."

"ಏನಂತ?"

"ನಮ್ಮನೆ ಕಪಿಲೆ ಅಂತ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಥಟ್ಟನೆ ನೆನಪಾದವಳಂತೆ, "ದೋಸೆ?" ಎಂದಳು.

"ಒಂದೂ ತಿಂದಿಲ್ಲವಂತಮ್ಮ. ನೀರು ಕುಡಿದು ಬರ್ತಿದ್ರಂತೆ."

"ಅಯ್ಯೋ ದೇವರೇ!" ಎಂದು ಅಮ್ಮ ಹಣೆ ಹಣೆ ಚಚ್ಚಿಕೊಂಡಳು. "ಮೂವತ್ತಮೂರು ವರ್ಷ ದೋಸೆ ದೋಸೆ ಅಂತ ಅವರ ತಲೆ ತಿಂದೆನಲ್ಲೋ ಮುಕುಂದ! ಒಂದು ದಿನವಾದ್ರೂ ತಿಂದಿಲ್ಲ ಕಣೇ ಅನ್ನಬಾರದಿತ್ತಾ ಆ ಮನುಷ್ಯ!" ಎಂದು ಅಳುತ್ತ ಅಳುತ್ತಲೇ ನಗತೊಡಗಿದಳು. ನಾನೂ ಅತ್ತೆ, ನಾನೂ ನಕ್ಕೆ. ಕೊನೆಗೆ ಅವಳು ಎದ್ದು ಮೊಳೆಯಿಂದ ಕೈಚೀಲ ತೆಗೆದಳು. "ಹಸುವಿನದ್ದಾದ್ರೆ ಬಿಟ್ಟುಕೊಡೋಕೆ ನಾನ್ಯಾರು? ಇದು ನಿಜವಾಗ್ಲೂ ನನ್ನದೇ ಅಂದ ಮೇಲೆ ಬಿಟ್ಟುಕೊಡಬಹುದು. ನಿಮ್ಮ ಮೇಡಮ್ಮಿಗೆ ಹೇಳು, ನಾಳೆ ನಾಲ್ಕಕ್ಕೆ ಬರ್ತೀನಿ ಅಂತ" ಎಂದಳು.

ಮರುದಿನ ನಾಲ್ಕಕ್ಕೆ ಮಿಲ್ ತಿರುವಿನಲ್ಲಿ ಅರ್ಧ ಊರೇ ಸೇರಿತ್ತು. ಅಮ್ಮ ನೇರಳೆ ಬಣ್ಣದ ರೇಷ್ಮೆ ಉಟ್ಟು ಬಂದಿದ್ದಳು. ನಾನು ಅಪ್ಪನ ಕರಿ ಕೋಟು ಹಾಕಿಕೊಂಡಿದ್ದೆ, ಕಂಕುಳಲ್ಲಿ ಬಿಗಿಯುತ್ತಿತ್ತು. ಕೈ ಹಿಡಿಯಲು ಹೋದರೆ "ಬೇಡ, ಇವತ್ತೊಂದು ದಿನ" ಎಂದು ತಳ್ಳಿ, ಅಮ್ಮ ಒಬ್ಬಳೇ ರಸ್ತೆಗಿಳಿದಳು. ಎರಡೂ ಕಡೆ ಚಕ್ರಗಳು ನಿಂತವು. ಈ ಸಲ ಒಬ್ಬನೂ ಹಾರ್ನ್ ಒತ್ತಲಿಲ್ಲ, ಒಬ್ಬನೂ ಇಂಜಿನ್ನು ಗುರುಗುಟ್ಟಿಸಲಿಲ್ಲ. ಬಸ್ಸಿನ ಕಿಟಕಿಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು "ಟೀಚರ್" ಎಂದು ಕೂಗಿದಳು. ಅಮ್ಮ ತಿರುಗಲಿಲ್ಲ, ನೇರ ನೋಡುತ್ತ ನಡೆದಳು. ಹತ್ತು ನಿಮಿಷವಾದ ಮೇಲೆ ಪೈ ಹೋಟೆಲಿನ ಮೆಟ್ಟಿಲ ಬಳಿ ನಿಂತು ನನ್ನತ್ತ ತಿರುಗಿದಳು. ನಾನು ಹಿಂದೆಯೇ ಹೋಗಿ ಪುಸ್ತಕ ತೆರೆದೆ.

"ಅಮ್ಮ, ದಾಟಾಯ್ತಾ?" ಎಂದೆ.

"ಹೆಸರು ಹಿಡಿದು ಕೇಳ್ರೀ" ಎಂದು ಮೇಡಂ ಪಿಸುಗುಟ್ಟಿದರು. ಹೆತ್ತ ತಾಯಿಯನ್ನು ನಡುಬೀದಿಯಲ್ಲಿ ಹೆಸರು ಹಿಡಿದು ಕರೆಯುವುದೆಂದರೆ ನನ್ನ ನಾಲಗೆ ಹೊರಳಲಿಲ್ಲ. ಕಣ್ಣು ಪುಸ್ತಕದಲ್ಲಿಟ್ಟು "ಕಪಿಲೆ, ದಾಟಾಯ್ತಾ?" ಎಂದು ಗೊಣಗಿದೆ.

"ನೋಟೀಸು ಓದಿದ ಹಾಗೆ ಓದ್ತೀಯಲ್ಲೋ. ಅವರ ಹಾಗೆ ಕೇಳು" ಎಂದಳು ಅಮ್ಮ.

ಅಪ್ಪನ ದನಿಯನ್ನು ನೆನಪಿಸಿಕೊಂಡೆ. ಯುಗಾದಿಯ ಬಿಸಿಲಿನಲ್ಲಿ, ಪರರ ಬಾಗಿಲಲ್ಲಿ ನಿಂತು, ಕೊಡೆಯನ್ನು ಗೋಡೆಗೊರಗಿಸಿ, ಅವಸರವಿಲ್ಲದೆ ಕೇಳುತ್ತಿದ್ದ ದನಿ. ಪುಸ್ತಕ ಮುಚ್ಚಿ, ಅವಳ ಮುಖ ನೋಡಿ, "ಕಪಿಲೆ, ದಾಟಾಯ್ತಾ?" ಎಂದು ಕೇಳಿದೆ.

ಅಮ್ಮ ಕಣ್ಣು ಮುಚ್ಚಿಕೊಂಡಳು. "ದಾಟಾಯ್ತು ರೀ" ಎಂದಳು.

ಚಕ್ರಗಳು ಹೊರಟವು. ಲಾರಿ, ಬಸ್ಸು, ಆಟೋ, ಸ್ಕೂಟರು, ನಲವತ್ತೆಂಟು ವರ್ಷದಿಂದ ಕಟ್ಟಿಹಾಕಿದ್ದೆಲ್ಲ ಬಿಚ್ಚಿದ ಹಾಗೆ ಒಂದರ ಹಿಂದೆ ಒಂದು ಹರಿದವು. ಮೇಡಂ ಕೈ ಮುಗಿದು ಹೋದರು. ಜನ ಚದುರಿದರು. ನಾನು ಅಪ್ಪನ ಅಕ್ಷರದ ಕೆಳಗೆ ದಿನಾಂಕ ಬರೆದು, ಕಪಿಲೆ ದಾಟಾಯ್ತು ಎಂದು ಬರೆದೆ. ಆಗ ಅಮ್ಮ ನನ್ನ ಕೋಟು ಜಗ್ಗಿದಳು. "ಅಲ್ಲೋ ಮುಕುಂದ, ಮನೆ ಆ ಕಡೆ ಇದೆ, ನಾವು ಈ ಕಡೆ ಇದ್ದೀವಿ. ಈಗ ಹೋಗೋದು ಹೇಗೋ?" ಎಂದಳು. ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ.

ಪೈಗಳು ಬಾಗಿಲಲ್ಲಿ ಎದ್ದು ನಿಂತಿದ್ದರು. "ಬನ್ನಿ ಟೀಚರಮ್ಮ, ಒಳಗೆ ಬನ್ನಿ" ಎಂದರು. ಅಮ್ಮ ಮೊದಲ ಸಲ ಆ ಮೆಟ್ಟಿಲು ಹತ್ತಿದಳು. ಅಪ್ಪ ಕೂರುತ್ತಿದ್ದ ಕುರ್ಚಿ ಯಾವುದು ಎಂದು ಕೇಳಿ, ಅದರಲ್ಲೇ ಕೂತಳು. ಅಲ್ಲಿಂದ ತಿರುವು ಪೂರ್ತಿ ಕಾಣುತ್ತಿತ್ತು. ನನಗೊಂದು ದೋಸೆ ಹೇಳಿ, ತನಗೆ ಎರಡು ಹೇಳಿದಳು. "ಒಂದು ನನ್ನದು, ಒಂದು ಅವರದ್ದು" ಎಂದಳು. ಎರಡನ್ನೂ, ಪಲ್ಯ ಒಂದಿಷ್ಟೂ ಬಿಡದೆ, ರಸ್ತೆ ನೋಡುತ್ತ ನಿಧಾನವಾಗಿ ತಿಂದು ಮುಗಿಸಿದಳು. ಕೈ ತೊಳೆದು, ಪೈಗಳಿಗೆ ನಮಸ್ಕಾರ ಹೇಳಿ, ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತಳು. "ಹಿಡ್ಕೋ" ಎಂದು ನನ್ನ ಕಡೆ ಕೈ ಚಾಚಿದಳು. ಆ ಕೈ ಹಿಡಿದುಕೊಂಡೆ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಅಮ್ಮ ಎಡಕ್ಕೆ ನೋಡಿದಳು, ಬಲಕ್ಕೂ ನೋಡಿದಳು.